ಟಾಕಿ ಖಾಲಿ, ಮುಳ್ಳು ಫುಲ್!

ವಿಮಾನದ ಮೀಟರು ರಿಪೇರಿ ಮಾಡಿದ ಕೈಗೆ ದೋಣಿಯ ಮೀಟರು ಯಾವ ಲೆಕ್ಕ? ಹೀಗೆಂದು ನಾನು ಹೇಳಿದ್ದು ನಿಜ. ಊಟಕ್ಕೆ ಕೂತಾಗ ಹೆಂಡತಿ, ಮಗಳು, ಹೆಂಡತಿಯ ತಮ್ಮ ಎಲ್ಲರ ಎದುರಿಗೇ ಹೇಳಿದ್ದೆ. ಈಗ ಇಲ್ಲವೆನ್ನುವಂತಿಲ್ಲ, ಸಾಕ್ಷಿಗಳು ವಿಪರೀತ.

ನಾನು ಧಾರವಾಡದ ಕಡೆಯವನು. ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೀಟರು ನೋಡಿಕೊಳ್ಳುವ ಟೆಕ್ನಿಷಿಯನ್. ಹೆಂಡತಿ ಸುಮಂಗಲೆಯ ತಮ್ಮ ಮಲ್ಲು ಇಲ್ಲಿಯೇ ಬೆಳೆದವನು. ಅಕ್ಕನ ಗಂಡನಾದ ನನ್ನನ್ನು ಮರಾಠಿಯವರಂತೆ 'ದಾಜಿ' ಎನ್ನುತ್ತಾನೆ. ಅವನದೊಂದು ಹಳೆಯ ಮೋಟಾರ್ ಬೋಟು ಗಂಗಾಪುರ ಡ್ಯಾಮಿನಲ್ಲಿದೆ. ಭಾನುವಾರ ನಮ್ಮ ಬೀಗರಾಗಲಿದ್ದ ಅಂಗಡಿ ಎಂಬ ಅಡ್ಡಹೆಸರಿನ ದಂಪತಿ ಮದುವೆ ಮಾತು ಪಕ್ಕಾ ಮಾಡಲು ಸಂಭಾಜಿನಗರದಿಂದ ಬರುವವರಿದ್ದರು. ಅವರನ್ನು ಬೋಟಿನಲ್ಲಿ ಸುತ್ತಾಡಿಸುವುದು ಮಲ್ಲುವಿನ ಉತ್ಸಾಹ. ಮಗಳು ಶ್ರುತಿಗೆ ಅವರ ಹುಡುಗ ಮನಸಾರೆ ಒಪ್ಪಿಗೆಯಾಗಿದ್ದ.

"ಪಪ್ಪಾ, ಪ್ಲೀಸ್! ಕಾಹೀ ಗಡಬಡ್ ನಕೋ," ಎಂದು ಸದಾ ಮರಾಠಿ ಬೆರೆಸಿ ಮಾತಾಡುವ ಅವಳು, ಏನೂ ಎಡವಟ್ಟು ಬೇಡವೆಂದು ನನಗೊಬ್ಬನಿಗೇ ಹೇಳಿದಳು. ಮನೆಯಲ್ಲಿ ಬೇರೆ ಯಾರೂ ಗಡಬಡ್ ಮಾಡುವವರೇ ಇಲ್ಲವೆ?

ಹಿಂದಿನ ದಿನ ಬೋಟು ನೋಡಲು ಹೋದೆ. ಮೀಟರಿನ ಮುಳ್ಳುಗಳೆಲ್ಲ ಮಲಗಿದ್ದವು. ಮಲ್ಲು ಡ್ಯಾಶ್‌ಬೋರ್ಡಿಗೆ ಮುಷ್ಟಿಯಿಂದ ಧಡ್ ಎಂದು ಗುದ್ದಿದ. ಎಲ್ಲ ಮುಳ್ಳೂ ಎದ್ದು ಕುಣಿದು ಮತ್ತೆ ಬಿದ್ದವು.

"ಇಷ್ಟ ನೋಡ್ರಿ ದಾಜಿ. ಎರಡು ಏಟು ಕೊಟ್ರ ನಡೀತೈತಿ."

ನನ್ನ ಮೈ ಉರಿಯಿತು! ಮೀಟರಿಗೆ ಮುಷ್ಟಿಯಿಂದ ಗುದ್ದುವುದೆ? ನಮ್ಮಲ್ಲಿ ಮೀಟರಿನ ಗಾಜನ್ನು ಮಗುವಿನ ಕೆನ್ನೆ ಒರೆಸಿದಂತೆ ಒರೆಸುತ್ತೇವೆ.

"ಹಿಂದಕ್ಕ ಸರಿ, ಮೂರ್ಖ!" ಎಂದು ಡ್ಯಾಶ್‌ಬೋರ್ಡ್ ಬಿಚ್ಚಿದೆ. ರೋಗ ಕೂಡಲೇ ಸಿಕ್ಕಿತು. ಎಲ್ಲ ಮೀಟರುಗಳಿಗೂ ಸೇರಿದ ಒಂದೇ ಅರ್ಥಿಂಗ್ ವೈರು ಹಸಿರು ಕಿಲುಬು ಹಿಡಿದು ಸಡಿಲವಾಗಿತ್ತು. ಉಜ್ಜಿ ಬಿಗಿ ಮಾಡಿದೆ. ಮುಳ್ಳುಗಳು ಎದ್ದು ನಿಂತವು. ಕೆಲಸ ಮುಗಿದಿತ್ತು!

ಬುದ್ಧಿ ಇದ್ದವನು ಅಲ್ಲಿಗೆ ಮನೆಗೆ ಹೋಗುತ್ತಿದ್ದ. ಆದರೆ ಒಂದು ಸ್ಕ್ರೂ ತಿರುವಿ ಬಂದರೆ ಓಝರಿನ ಮರ್ಯಾದೆ ಏನಾಗಬೇಕು? ಒಳಗೆ ವೈರುಗಳು ಶಾವಿಗೆಯಂತೆ ಜೋತಾಡುತ್ತಿದ್ದವು. ವಿಮಾನದಲ್ಲಿ ವೈರುಗಳನ್ನೆಲ್ಲ ಕೂಡಿಸಿ, ಮೇಣ ಹಚ್ಚಿದ ದಾರದಿಂದ ಗೇಣಿಗೊಂದು ಗಂಟು ಹಾಕಿ ಕಟ್ಟುತ್ತೇವೆ. ಹಾಗೆಯೇ ಕಟ್ಟಿದೆ. ಹಲ್ಲು ಕಚ್ಚಿ ಎಳೆದು ಎಳೆದು ಕಟ್ಟಿದೆ! ಕಟ್ಟಿ ಮುಗಿಸಿ ನೋಡಿದರೆ ಪೆಟ್ರೋಲ್ ಮುಳ್ಳು ಫುಲ್ ಎಂದು ತೋರಿಸುತ್ತಿತ್ತು.

ಭಾನುವಾರ ಬೀಗರು ಬಂದರು. ಹೊರಡುವ ಮೊದಲು ಮಲ್ಲು ಬಿದಿರು ಕಡ್ಡಿಯೊಂದನ್ನು ತಂದು ಪೆಟ್ರೋಲ್ ಟಾಕಿಯ ಮುಚ್ಚಳಕ್ಕೆ ಕೈ ಹಾಕಿದ.

"ಏನದು?"

"ಪೆಟ್ರೋಲ್ ಎಷ್ಟೈತಿ ಅಂತ ಅದ್ದಿ ನೋಡ್ತೀನ್ರಿ."

"ನಾನು ರಿಪೇರಿ ಮಾಡಿದ ಮೀಟರನ್ನ ಕಡ್ಡಿಯಿಂದ ಪರೀಕ್ಷಾ ಮಾಡ್ತಿ? ಬೀಗರ ಮುಂದ?" ಕಡ್ಡಿ ಕಿತ್ತುಕೊಂಡು ನೀರಿಗೆಸೆದೆ. ಅಂಗಡಿಯವರು ಮೆಚ್ಚಿ ತಲೆದೂಗಿದರು. ಬೀಗಿತ್ತಿ ಮಾತ್ರ ರೇಷ್ಮೆ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ದೇವರ ಹೆಸರು ಹೇಳಿಕೊಳ್ಳುತ್ತ ಹತ್ತಿದರು.

ಡ್ಯಾಮಿನ ನಟ್ಟನಡುವೆ ಎಂಜಿನ್ ಗೊರಗೊರ ಎಂದು ನಿಂತಿತು.

"ಪೆಟ್ರೋಲ್ ಮುಗದಿರಬೇಕು," ಎಂದಳು ಸುಮಂಗಲೆ.

"ಮುಳ್ಳು ನೋಡು! ಕಣ್ಣಿಲ್ಲೇನು? ಫುಲ್ ಐತಿ!"

"ಮುಳ್ಳು ಫುಲ್ ಐತ್ರಿ. ಬೋಟು ನಿಂತೈತಿ."

ಪೆಟ್ರೋಲ್ ಇದೆ ಎಂದ ಮೇಲೆ ದೋಷ ಸ್ಪಾರ್ಕ್ ಪ್ಲಗ್ಗಿನದೇ ಎಂದು ಶಾಸ್ತ್ರೋಕ್ತವಾಗಿ ತೀರ್ಮಾನಿಸಿದೆ. ಎಂಜಿನ್ನಿನ ಮುಚ್ಚಳ ತೆಗೆದು, ಪ್ಲಗ್ ಬಿಚ್ಚಿ, ಬೀಗರಿಗೆ ಕಾಣುವಂತೆ ಎತ್ತಿ ಹಿಡಿದು, "ನೋಡ್ರಿ, ಇದರ ತುದಿಯೊಳಗ..." ಎಂದೆ. ಬೋಟು ಸ್ವಲ್ಪ ಅಲುಗಿತು. ಪ್ಲಗ್ ನೀರಿಗೆ ಬಿತ್ತು. ಬುಳುಕ್!

ಮಲ್ಲು ಎದ್ದು ಟಾಕಿಯ ಮುಚ್ಚಳ ತೆಗೆದು ಮೊಬೈಲಿನ ಬೆಳಕು ಬಿಟ್ಟ. "ದಾಜಿ, ಟಾಕಿ ಒಣಗಿ ಭಣಭಣ ಅನ್ನಾಕ ಹತ್ತೇತ್ರಿ."

ಹಾಳಾದ ಮುಳ್ಳು! ನಾಚಿಕೆ ಬೇಡವೆ ಅದಕ್ಕೆ? ಡ್ಯಾಶ್‌ಬೋರ್ಡಿನ ಹಿಂದೆ ಇಣುಕಿದೆ. ನನ್ನ ವಿಮಾನದ ಗಂಟು ಎಷ್ಟು ಬಿಗಿಯಾಗಿತ್ತೆಂದರೆ, ಟಾಕಿಯಿಂದ ಬರುವ ಹಳೆಯ ವೈರಿನ ಸಿಪ್ಪೆ ಒಡೆದು ಅದು ಅರ್ಥಿಂಗ್ ವೈರಿಗೆ ತಾಗಿತ್ತು. ಹಾಗೆ ತಾಗಿದರೆ ಈ ಮೀಟರು ಟಾಕಿಯಲ್ಲಿ ಹನಿ ಇಲ್ಲದಿದ್ದರೂ ಫುಲ್ ಎನ್ನುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಸುಮಂಗಲೆ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಮಲ್ಲು ಫೋನ್ ಮಾಡಿ ದಡದಿಂದ ಇನ್ನೊಂದು ಬೋಟಿನಲ್ಲಿ ಪೆಟ್ರೋಲ್ ತರಿಸಿದ. ಪೆಟ್ರೋಲ್ ಬಂತು. ಪ್ಲಗ್ ಎಲ್ಲಿದೆ? ಡ್ಯಾಮಿನ ತಳದಲ್ಲಿ! ಕೊನೆಗೆ ಆ ಬೋಟಿಗೇ ಹಗ್ಗ ಕಟ್ಟಿ ನಮ್ಮನ್ನು ಎಮ್ಮೆಯಂತೆ ಎಳೆದುಕೊಂಡು ಹೋದರು. ದಡದಲ್ಲಿದ್ದವರು ವಿಡಿಯೋ ತೆಗೆದರು. ಬೀಗಿತ್ತಿ ಸೆರಗು ಮುಖಕ್ಕೆಳೆದುಕೊಂಡರು. ಶ್ರುತಿ ಅಳುವುದೊಂದು ಬಾಕಿ. ನನ್ನ ಒಣ ಜಂಬಕ್ಕೆ ಮಗಳ ಸಂಬಂಧ ಮುರಿಯಿತಲ್ಲ ಎಂದು ಮುಖ ತಿರುಗಿಸಿ ಹಗ್ಗ ನೋಡುತ್ತ ಕೂತೆ.

ಮನೆಗೆ ಬಂದು ಚಹಾ ಕುಡಿದ ಮೇಲೆ ಅಂಗಡಿಯವರು ಗಂಟಲು ಸರಿ ಮಾಡಿಕೊಂಡರು. "ಹುಡುಗಿ ನಮ್ಮ ಮನಸಿಗೆ ಬಂದಾಳ್ರಿ. ಆದ್ರ ನಮ್ಮದೊಂದು ಬೇಡಿಕೆ ಐತಿ."

ಬೇಡಿಕೆ! ನನ್ನ ರಕ್ತ ಕುದಿಯಿತು. ವರದಕ್ಷಿಣೆಯೆ? ಎದ್ದು ನಿಂತೇ ಬಿಟ್ಟೆ. "ಏನ್ರಿ ಅದು? ಬಾಯಿ ಬಿಟ್ಟು ಹೇಳ್ರಿ!"

"ಲಗ್ನದ ದಿವಸ ಮೈಕು, ಲೈಟು, ಫ್ಯಾನು, ಯಾವುದಕ್ಕೂ ನೀವು ಕೈ ಹಚ್ಚಬ್ಯಾಡ್ರಿ. ಅಕ್ಷತಾ ಹಾಕ್ರಿ, ಸಾಕು."

ನನಗೆ ಅವಮಾನವಾಯಿತು. ನಾನು ಯಾರು, ನನ್ನ ಅನುಭವ ಎಂಥದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸುಮಂಗಲೆ, ಮಲ್ಲು, ಶ್ರುತಿ ಮೂವರೂ ಒಂದೇ ದನಿಯಲ್ಲಿ "ಒಪ್ಪಿಗಿ ಐತ್ರಿ!" ಎಂದು ಕೂಗಿದರು.

ಶ್ರುತಿ ಇಷ್ಟು ಸ್ವಚ್ಛ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.