ಬೊಲಿವಿಯಾಕ್ಕೆ ಹೊರಟಾಗ ಒಂಟಿ ಸೀನು

ಹೊಟ್ಟೆಕಿಚ್ಚು ಕೆಟ್ಟದ್ದು ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೆ ಒಂದೇ ಅನುಮಾನ: ಇವರ ಎದುರುಮನೆಯವರು ಯಾರೂ ಬೊಲಿವಿಯಾಕ್ಕೆ ಹೋಗಿರಲಿಕ್ಕಿಲ್ಲ. ಲಂಡನ್ನಿಗೋ ದುಬೈಗೋ ಹೋದರೆ ಹೋಗಲಿ ಬಿಡಿ, 'ಹೋಗಿ ಬಾರಪ್ಪಾ' ಅಂದು ನಾನೂ ದೊಡ್ಡ ಮನುಷ್ಯನಾಗುತ್ತೇನೆ. ಆದರೆ ಬೊಲಿವಿಯಾ! ದಕ್ಷಿಣ ಅಮೆರಿಕದ ಒಳಗೆ, ಯಾವ ಕಡೆಗೂ ಕಡಲಿಲ್ಲದ ದೇಶ. ಕಡಲಿಲ್ಲದಿದ್ದರೂ ನೌಕಾಪಡೆ ಇಟ್ಟುಕೊಂಡಿದೆಯಂತೆ. ಇಲ್ಲದ್ದಕ್ಕೆ ಸಜ್ಜಾಗಿ ಕೂತಿರುವ ಇಂಥ ದೇಶ ನನಗೇ ಹೇಳಿ ಮಾಡಿಸಿದ್ದು ಅಂತ ಓದಿದ ದಿನವೇ ಅನ್ನಿಸಿತ್ತು. ಅದರ ಮೇಲೆ ಕಣ್ಣು ಹಾಯುವಷ್ಟು ದೂರ ಬಿಳೀ ಉಪ್ಪಿನ ಬಯಲು ಬೇರೆ.

ನೈರೋಬಿಯ ರಿವರ್‌ಸೈಡಿನಲ್ಲಿರುವ ನಮ್ಮ ಆಫೀಸಿನ ಸಾಫ್ಟ್‌ವೇರನ್ನು ಅಲ್ಲಿಯ ಬ್ಯಾಂಕೊಂದು ಕೊಂಡಿತು. ಒಬ್ಬರು ಹೋಗಿ ಅದನ್ನು ಅಳವಡಿಸಿಕೊಡಬೇಕು ಅಂದ ಸಂಜೆಯೇ ನಾನು ಫೋನಿನಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ. ಅಡುಗೆಮನೆಯಲ್ಲಿ ನಿಂತು 'ನೀರು ಎಲ್ಲಿದೆ?' ಅಂತ ಸ್ಪ್ಯಾನಿಷಿನಲ್ಲಿ ಕೇಳಿದರೆ ನನ್ನ ಹೆಂಡತಿ ವೀಣಾ, "ಕಣ್ಣೆದುರಿಗೇ ಇದೆಯಲ್ರೀ" ಅನ್ನುತ್ತಿದ್ದಳು. ಇಷ್ಟಾದ ಮೇಲೆ ಮ್ಯಾನೇಜರು ಆರಿಸಿದ್ದು ಯಾರನ್ನು? ಪ್ರಭಾಕರನನ್ನು. ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವನು. ಭಾನುವಾರ ಎರಡೇ ಗಂಟೆ ದಾರಿಯ ನೈವಾಶಾ ಸರೋವರ ನೋಡಿಬರೋಣ ಅಂದರೆ, "ಅಷ್ಟು ದೂರ ಯಾರೋ ಹೋಗ್ತಾರೆ" ಅಂತ ಸೋಫಾದ ಮೇಲೆ ಮಗ್ಗುಲು ಬದಲಾಯಿಸುವ ಆಸಾಮಿ! ನನಗೆ ಸಿಕ್ಕಿದ್ದು ಬದಲಿ ಆಟಗಾರನ ಪಟ್ಟ. "ಅವನಿಗೆ ಏನಾದರೂ ಅಡಚಣೆಯಾದರೆ ಮಾರನೇ ದಿನದ ವಿಮಾನಕ್ಕೆ ನೀನು ಹೊರಡು" ಅಂದರು. ಇಬ್ಬರಿಗೂ ವೀಸಾ ಆಯಿತು. ಕೀನ್ಯಾದಿಂದ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಹಾಕಿಸಿದ ಪುರಾವೆ ಬೇಕು ಅಂತ ಇಬ್ಬರೂ ಚುಚ್ಚಿಸಿಕೊಂಡು ಹಳದಿ ಪುಸ್ತಕ ಪಡೆದೆವು. ಅಲ್ಲಿಂದ ಮುಂದೆ ಪ್ರಭಾಕರನ ಆರೋಗ್ಯವನ್ನು ನಾನು ವಿಚಾರಿಸಿಕೊಂಡಷ್ಟು ಅವನ ಹೆತ್ತ ತಾಯಿಯೂ ವಿಚಾರಿಸಿಕೊಂಡಿರಲಾರರು. ಒಮ್ಮೆ ಕೆಮ್ಮಿದರೆ ಸಾಕು, "ಎದೆ ಹಿಡಿದ ಹಾಗಿದೆಯಾ?" ಅಂತ ಆಸೆಯಿಂದ ಕೇಳುತ್ತಿದ್ದೆ. ಗಟ್ಟಿಮುಟ್ಟಾಗಿಯೇ ಉಳಿದ, ಪಾಪಿ.

ಹೊರಡುವ ದಿನ ಬಂತು. ಜುಲೈ ತಿಂಗಳ ನೈರೋಬಿ ಚಳಿ, ನನಗೆ ನೆಗಡಿ. ಬೀಳ್ಕೊಡಲು ಎದುರುಮನೆಗೆ ಬರುವುದಿಲ್ಲ ಅಂದರೂ ವೀಣಾ ಬಿಡಲಿಲ್ಲ: "ಬಂದು ನಗುನಗ್ತಾ ನಿಂತ್ಕೊಳ್ಳಿ. ಇಲ್ದಿದ್ರೆ ಹೊಟ್ಟೆ ಉರ್ಕೊಂಡ್ರು ಅಂತಾರೆ." ಹೋಗಿ ನಗುನಗುತ್ತಾ ನಿಂತೆ. ಊರಿಂದ ಬಂದಿದ್ದ ಅವನ ತಾಯಿ ಕಮಲಮ್ಮ ಮಗನ ಅಂಗೈಗೆ ಮೊಸರು ಸಕ್ಕರೆ ಹಾಕಿದರು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಪ್ರಭಾಕರ ಬಲಗಾಲು ಹೊಸಿಲಾಚೆ ಇಟ್ಟ. ಆಗ, ಹಾಳಾದ್ದು, ನನಗೊಂದು ಸೀನು ಬಂತು.

ಒಂದೇ ಒಂದು! ಎರಡು ಬಂದಿದ್ದರೆ ಶುಭವಾಗಿಬಿಡುತ್ತಿತ್ತು. ಮೂಗು ತಿಕ್ಕಿದೆ, ಟ್ಯೂಬ್‌ಲೈಟು ದಿಟ್ಟಿಸಿದೆ, ಎರಡನೆಯದು ಬರಲೊಲ್ಲದು. ವೀಣಾ ನನ್ನನ್ನು ನೋಡಿದ ನೋಟದಲ್ಲಿ ನನ್ನ ಮನಸ್ಸಿನ ಕೊಳಕೆಲ್ಲ ಅವಳಿಗೆ ತಿಳಿದಂತಿತ್ತು. "ಒಂಟಿ ಸೀನು! ಒಳಗೆ ಬಂದು ಕೂತ್ಕೊಳೋ, ನೀರು ಕುಡಿದು ಹೊರಡು" ಅಂದರು ಕಮಲಮ್ಮ. ನನ್ನ ಕಡೆ ತಿರುಗಿ, "ಶ್ರೀಧರಾ, ಸೀನಿದೋನು ನೀನು. ನೀನೇ ನೀರು ತಂದ್ಕೊಡಪ್ಪ."

ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಬಾಗಿಲ ಮೇಲೆ, ಜಿರಾಫೆ ಆಕಾರದ ಮ್ಯಾಗ್ನೆಟ್ಟಿನ ಕೆಳಗೆ, ಪ್ರಭಾಕರನ ಹಳದಿ ಪುಸ್ತಕ! ಮರೆಯಬಾರದು ಅಂತ ಕಣ್ಣಿಗೆ ಕಾಣುವ ಹಾಗೆ ಸಿಕ್ಕಿಸಿ, ಮರೆತಿದ್ದ. ಇದಿಲ್ಲದೆ ಹೋದರೆ ವಿಮಾನ ಹತ್ತಿಸುವುದಿಲ್ಲ. ಮಾರನೇ ದಿನದ ವಿಮಾನದಲ್ಲಿ ನಾನು. ನಾನು, ಉಪ್ಪಿನ ಬಯಲು, ನೌಕಾಪಡೆ. ಬಾಯಿ ತೆರೆದೆ, ಮುಚ್ಚಿದೆ. ಹೇಳುತ್ತಿದ್ದೆ ಅಂತ ನಿಮ್ಮೆದುರು ಆಣೆ ಮಾಡಲು ನನಗೆ ಧೈರ್ಯವಿಲ್ಲ.

"ಏನಪ್ಪಾ, ಫ್ರಿಜ್ ಮುಂದೆ ನಿಂತ್ಬಿಟ್ಟೆ?" ಅಂತ ಕಮಲಮ್ಮ ಹಿಂದೆಯೇ ಬಂದರು. ಅಷ್ಟರಲ್ಲಿ ಎಲ್ಲಿ ಅಡಗಿತ್ತೋ ಆ ಎರಡನೆಯ ಸೀನು, ಸ್ಫೋಟಿಸಿತು. ಹಣೆ ಫ್ರಿಜ್ಜಿಗೆ ಬಡಿಯಿತು, ಜಿರಾಫೆ ಹಾರಿತು, ಪುಸ್ತಕ ಹೋಗಿ ಅವರ ಕಾಲ ಬಳಿ ಬಿತ್ತು. ನನ್ನ ಬೆನ್ನಷ್ಟೇ ಕಂಡಿದ್ದ ಅವರು ಅದನ್ನೆತ್ತಿಕೊಂಡು, "ಪುಸ್ತಕ ಮರೆತಿದ್ಯಲ್ಲೋ, ಶ್ರೀಧರ ನೋಡಿ ತೆಗೆದ್ಕೊಟ್ಟ!" ಅಂತ ಮಗನ ಹತ್ತಿರ ಓಡಿದರು.

ಆಮೇಲೆ ನಡೆದದ್ದು ಸನ್ಮಾನ. ಪ್ರಭಾಕರ ನನ್ನನ್ನು ಅಪ್ಪಿಕೊಂಡು, "ನೋಡಿದ ತಕ್ಷಣ ತೆಗೆದುಕೊಟ್ಟೆಯಲ್ಲೋ! ಬೇರೆಯವನಾಗಿದ್ರೆ ಸುಮ್ಮನಿದ್ದು ತಾನೇ ಹೋಗ್ತಿದ್ದ" ಅಂದ. ನಾನು ಹಣೆ ಸವರಿಕೊಳ್ಳುತ್ತಾ "ಅಯ್ಯೋ, ಅದೇನು ಮಹಾ" ಅಂದೆ. ಟ್ಯಾಕ್ಸಿ ಹೋಯಿತು. ವೀಣಾ ಮಾತ್ರ ತುಟಿ ಬಿಗಿಹಿಡಿದು ಸೀಲಿಂಗ್ ನೋಡುತ್ತಿದ್ದಳು.

ಕಮಲಮ್ಮನಿಗೆ ಕಣ್ಣು ತುಂಬಿ ಬಂದಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದರು: "ನನ್ನ ಮಗನಿಗೆ ನೀನು ಸಿಕ್ಕ ಹಾಗೆ, ನಿನಗೂ ನಿನ್ನಂಥ ಸ್ನೇಹಿತನೇ ಸಿಗಲಪ್ಪ."

ಮನೆಗೆ ಬಂದವನೇ ನನ್ನ ಹಳದಿ ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದೆ.