ವರ್ಲಿನ್ ಕ್ಲಬ್ ಬಿಟ್ಟ ದಿನ

“ನೀನು ಮೊಲಗಳನ್ನೇ ಮದುವೆ ಆಗಬೇಕಿತ್ತು! ನನ್ನನ್ನ ಯಾಕೆ ಕಟ್ಕೊಂಡೆ?”

ಆರ್ಡಿತ್ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಗಂಡನ ಮೊಟ್ಟೆಯ ತಟ್ಟೆಗೆ ಹಾರಿತು.

“ಬೆಳಗ್ಗೆ ಬೆಳಗ್ಗೆ ಮೊಲದ ಮಾತು ಯಾಕೆ ಬಂತು?” ಎಂದ ವರ್ಲಿನ್.

“ಯಾಕೆ ಬಂತಾ? ಕೆರೆಗೆ ಹೋಗೋಣ ಅಂತ ದೋಣಿ ತಂದೆಯಲ್ಲ, ಎಲ್ಲಿದೆ ಅದು? ಕೊಟ್ಟಿಗೆ ಹಿಂದೆ! ಅದರಲ್ಲಿ ಕೋಳಿ ಮೊಟ್ಟೆ ಇಡ್ತಿವೆ! ಪ್ರತಿ ಬೇಸಿಗೆ ಹೊರಡೋ ಹೊತ್ತಿಗೆ ನಿನ್ನ ಕ್ಲಬ್ಬಿನ ಪ್ರಾಣಿ ಪ್ರದರ್ಶನ. ಯಾವನೋ ಹುಡುಗನ ಹಂದಿಗೆ ನೆಗಡಿ, ಯಾವಳೋ ಹುಡುಗಿಯ ಕುರಿಗೆ ಸ್ನಾನ. ನಾನು ಈಜುಡುಗೆ ಮಡಿಚಿ ಮತ್ತೆ ಪೆಟ್ಟಿಗೆಗೆ ಹಾಕೋದು!”

“ಈ ವರ್ಷ ಬಿಡ್ತೀನಿ ಅಂದೆನಲ್ಲ ಮಾರಾಯ್ತಿ.”

“ಹೋದ ವರ್ಷಾನೂ ಅಂದಿದ್ದೆ. ಇವತ್ತು ಸಂಜೆ ಮೀಟಿಂಗ್‌ನಲ್ಲಿ ಬಿಟ್ಟು ಬಂದ್ರೆ ಸರಿ. ಇಲ್ಲಾಂದ್ರೆ ಶನಿವಾರ ನಾನೊಬ್ಬಳೇ ಕೆರೆಗೆ ಹೋಗ್ತೀನಿ. ನೀನು ಮೊಲದ ಜೊತೆ ಮಲಕ್ಕೋ.”

ವರ್ಲಿನ್ ಹುಕ್‌ಸ್ಟ್ರಾ ಅಯೋವಾದ ಮೆಕ್ಕೆಜೋಳದ ರೈತ. ಪ್ಲಮ್ ಕ್ರೀಕ್ ಮಕ್ಕಳ ಕೃಷಿ ಕ್ಲಬ್ಬಿನಲ್ಲಿ ಮೊಲ ಮತ್ತು ಕೋಳಿ ವಿಭಾಗದ ಲೀಡರ್. ಸಂಬಳ ಇಲ್ಲ. ಸಿಗುವುದೆಲ್ಲ ಕಡಿತ, ಪರಚು ಮತ್ತು ಹಿಕ್ಕೆ. ಈ ಕೆಲಸವನ್ನು ಅವನ ಕೊರಳಿಗೆ ಯಾರೂ ಕಟ್ಟಿರಲಿಲ್ಲ. ಅವನ ಮಗ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಒಂದು ಮೀಟಿಂಗ್ ನಡೆದಿತ್ತು. “ಲೀಡರ್ ಆಗೋಕೆ ಯಾರು ಮುಂದೆ ಬರ್ತೀರಿ?” ಎಂದು ಕೇಳಿದ್ದರು. ನಮ್ಮ ಕಡೆ ಮುಖದೆದುರು ‘ಆಗಲ್ಲ’ ಅನ್ನುವುದು ಮಹಾ ಒರಟುತನ. ಹಾಗಾಗಿ ಎಲ್ಲರೂ ತಂತಮ್ಮ ಬೂಟು ನೋಡುತ್ತ ಕೂತರು. ಆ ಮೌನ ಬೆಳೆಯಿತು, ಉಬ್ಬಿತು. ವರ್ಲಿನ್‌ನ ಹೊಟ್ಟೆಯೊಳಗೆ ಒಲೆ ಮೇಲಿಟ್ಟ ಹಾಲಿನಂತೆ ಏನೋ ಏರಿ ಏರಿ ಬಂದು, “ನಾನೇ ಮಾಡ್ತೀನಿ” ಎಂದು ಉಕ್ಕಿಹೋಯಿತು. ಈಗ ಮಗನಿಗೇ ತಲೆಕೂದಲು ಉದುರುತ್ತಿದೆ. ಅಪ್ಪ ಇನ್ನೂ ಮೊಲ ತೂಗುತ್ತಿದ್ದಾನೆ. ಯಾವ ಕೆಲಸವಾಗಬೇಕಿದ್ದರೂ ವರ್ಲಿನ್‌ನ ಮುಂದೆ ಹೇಳಿ ಬಾಯಿ ಮುಚ್ಚಿಕೊಂಡರೆ ಸಾಕು ಎಂಬುದು ಕೌಂಟಿಗೆಲ್ಲ ಗೊತ್ತು.

ಹತ್ತು ಗಂಟೆಗೆ ಅವನು ಕೋಳಿ ಆಹಾರ ತರಲು ಗೆರಿಟ್‌ನ ಅಂಗಡಿಗೆ ಹೋದ.

“ಏನಯ್ಯಾ, ಕ್ಲಬ್ ಬಿಡ್ತೀಯಂತೆ?” ಗೆರಿಟ್ ಗಲ್ಲಾದ ಹಿಂದಿನಿಂದಲೇ ಕೂಗಿದ.

“ಯಾರಯ್ಯ ಹೇಳಿದ್ರು?”

“ನಿನ್ನ ಹೆಂಡ್ತಿ ಡಾರ್ಲಾಗೆ ಫೋನ್ ಮಾಡಿದ್ಲು. ಡಾರ್ಲಾ ಕ್ಲಬ್ಬಿನ ಅಧ್ಯಕ್ಷೆ ಅಲ್ವಾ, ನನ್ನ ಹೆಂಡ್ತಿಗೆ ಹೇಳಿದ್ಲು. ಇನ್ನು ಗೊತ್ತಿಲ್ಲದೆ ಇರೋರು ಅಂದ್ರೆ ತೊಟ್ಟಿಲಲ್ಲಿರೋ ಮಕ್ಕಳು.”

ಚೀಲಗಳ ಮರೆಯಿಂದ ಕನ್ನಡಕದ ಹೆಂಗಸೊಬ್ಬಳು ಚಂಗನೆ ಹೊರಬಂದಳು. ಅವಳು ಕೊರಿನ್. ಯೂನಿವರ್ಸಿಟಿಯವಳು. ಇಂಥ ಕ್ಲಬ್ಬುಗಳಲ್ಲಿ ಪುಕ್ಕಟೆ ದುಡಿಯುವವರು ಯಾಕೆ ಬಿಟ್ಟು ಹೋಗುತ್ತಾರೆ ಎಂದು ಸಂಶೋಧನೆ ಮಾಡಲು ಬಂದಿದ್ದಳು.

“ನಿಜವಾಗ್ಲೂ ಬಿಡ್ತೀರಾ?” ಕಳೆದ ಕರು ಸಿಕ್ಕಿದವಳಂತೆ ವರ್ಲಿನ್‌ನ ಕೈ ಹಿಡಿದುಕೊಂಡಳು. “ಒಂದು ವಾರದಿಂದ ಅಲೀತಿದೀನಿ. ಬಿಟ್ಟವರು ಒಬ್ಬರೂ ಸಿಕ್ಕಿಲ್ಲ. ಬಿಟ್ಟವರ ವಿಳಾಸ ಕೇಳಿದ್ರೆ ಎಲ್ಲರೂ ಚರ್ಚ್ ಹಿಂದಿನ ಸ್ಮಶಾನ ತೋರಿಸ್ತಾರೆ! ಅವರನ್ನ ಏನಂತ ಕೇಳಲಿ? ದಯವಿಟ್ಟು ಬಿಡಿ. ನನ್ನ ಸಂಶೋಧನೆ ನಿಮ್ಮ ಮೇಲೆ ನಿಂತಿದೆ.”

“ಬಿಡ್ಲಿ ಬಿಡ್ಲಿ, ಪಾಪ,” ಎಂದ ಗೆರಿಟ್. “ಸಾಕಷ್ಟು ದುಡಿದಿದಾನೆ. ಏನಿಲ್ಲ, ಪ್ರದರ್ಶನದ ಹುಂಜಗಳನ್ನ ಇವತ್ತು ಮೀಟಿಂಗ್ ಹತ್ರ ಸಾಗಿಸಬೇಕಿತ್ತು. ನನ್ನ ಸೊಂಟ ಬೇರೆ ಹಿಡ್ಕೊಂಡಿದೆ...”

ಅಷ್ಟು ಹೇಳಿ ಗೆರಿಟ್ ಸೂರು ನೋಡತೊಡಗಿದ. ಅಂಗಡಿ ನಿಶ್ಶಬ್ದವಾಯಿತು. ಫ್ಯಾನು ಕಿರ್ರ್ ಎಂದಿತು. ಇಲಿಯೊಂದು ಚೀಲ ಕಡಿಯುವುದು ಕೇಳಿಸಿತು. ವರ್ಲಿನ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ.

“ನಾನೇ ತರ್ತೀನಿ ಬಿಡು.”

“ಬಂಗಾರದಂಥ ಮನುಷ್ಯ!” ಎಂದ ಗೆರಿಟ್. ಹಿಡಿದುಕೊಂಡಿದ್ದ ಸೊಂಟ ತಟ್ಟನೆ ಬಿಟ್ಟು, ಅವನೇ ಪಂಜರಗಳನ್ನೆತ್ತಿ ಪಿಕಪ್ಪಿಗೆ ಹಾಕಿದ.

“ಇದೇ! ನಿಮ್ಮ ಕಾಯಿಲೆ ಇದೇ!” ಕೊರಿನ್ ಕುಣಿದಳು. “ನಿಮಗೆ ಮೌನ ತಡೆಯೋಕಾಗಲ್ಲ. ಸಂಜೆ ಏನಾದ್ರೂ ಆಗಲಿ, ಬಾಯಿ ಬಿಡಬೇಡಿ. ಯಾರಾದ್ರೂ ಒಬ್ಬರು ಸೋತೇ ಸೋಲ್ತಾರೆ. ಅದು ನೀವಾಗಬಾರದು, ಅಷ್ಟೇ.”

ಹುಂಜಗಳನ್ನು ಹೇರಿಕೊಂಡು ವರ್ಲಿನ್ ಹೊರಟ. ಅವನು ತಪ್ಪಿಸಿಕೊಂಡಾನೆಂಬ ಭಯಕ್ಕೆ ಕೊರಿನ್ ತನ್ನ ಪುಟ್ಟ ಕಾರಿನಲ್ಲಿ ಹಿಂಬಾಲಿಸಿದಳು. ಜಲ್ಲಿ ರಸ್ತೆಯ ಗುಂಡಿಗೆ ಪಿಕಪ್ ದಡಕ್ಕೆಂದು ಇಳಿದಾಗ ಪಂಜರದ ಬಾಗಿಲು ತೆರೆದುಕೊಂಡಿತು. ಹುಂಜಗಳು ಶಾಲೆ ಬಿಟ್ಟ ಮಕ್ಕಳಂತೆ ಆಳೆತ್ತರದ ಮೆಕ್ಕೆಜೋಳದೊಳಗೆ ನುಗ್ಗಿದವು. ವರ್ಲಿನ್ ಒಂದು ಸಾಲಿನಲ್ಲಿ, ಕೊರಿನ್ ಇನ್ನೊಂದು ಸಾಲಿನಲ್ಲಿ ಓಡಿದರು. ಹುಂಜ ಮೂರನೇ ಸಾಲಿನಲ್ಲಿ ಕೂಗಿತು.

ದಾರಿಹೋಕರೆಲ್ಲ ಗಾಡಿ ನಿಲ್ಲಿಸಿದರು. ಒಬ್ಬರೂ ಇಳಿಯಲಿಲ್ಲ, ಕಿಟಕಿಯಿಂದಲೇ ಬುದ್ಧಿ ಹೇಳಿದರು.

“ಎಡಕ್ಕೆ ಕಣೋ ವರ್ಲಿನ್! ನಿನ್ನ ಎಡ ಅಲ್ಲ, ಹುಂಜದ ಎಡ!”

“ಓಡಿಸಬೇಡ, ಅದರ ಜೊತೆ ಸಮಾಧಾನವಾಗಿ ಮಾತಾಡು!”

ಹೋಗುವ ಮುಂಚೆ ಒಬ್ಬೊಬ್ಬರೂ ಒಂದೊಂದು ಮಾತು ಬಿಟ್ಟು ಹೋದರು. ಪ್ರದರ್ಶನಕ್ಕೆ ಐಸ್ ಯಾರು ತರ್ತಾರೋ ಏನೋ ಎಂದನೊಬ್ಬ. ಕೊಟ್ಟಿಗೆ ತೊಳೆಯೋರಿಲ್ಲ ಎಂದಳೊಬ್ಬಳು. ಮೌನ. ಜೋಳದ ಗರಿ ಸರಸರ ಎಂದಿತು. ಎರಡು ಸಲವೂ ಹೊಲದೊಳಗಿಂದ ಏದುಸಿರಿನ ದನಿಯೊಂದು, “ಆಯ್ತು, ನಾನೇ!” ಎಂದಿತು.

“ಬಿಡೋ ದಿನವೇ ಮೂರು ಕೆಲಸ ಹೊಸದಾಗಿ ಹಿಡ್ಕೊಂಡ್ರಲ್ಲ!” ಕೊರಿನ್ ಕನ್ನಡಕದಿಂದ ಪುಕ್ಕ ತೆಗೆಯುತ್ತ ಗೋಳಾಡಿದಳು.

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಮೀಟಿಂಗ್. ಹುಂಜಗಳನ್ನೆಲ್ಲ ಹೇಗೋ ಹಿಡಿದು ಚರ್ಚಿನ ಅಂಗಳದಲ್ಲಿಳಿಸಿ, ತಲೆತುಂಬ ಪುಕ್ಕ ಸಿಕ್ಕಿಸಿಕೊಂಡು ಬಂದ ಗಂಡನನ್ನು ಆರ್ಡಿತ್ ಬಾಗಿಲಲ್ಲೇ ಹಿಡಿದಳು. ಎಂದೂ ಮೀಟಿಂಗಿಗೆ ಕಾಲಿಡದವಳು ಈ ಸಲ ಕಾವಲಿಗೆಂದೇ ಬಂದಿದ್ದಳು. ಕೈಯಲ್ಲಿ ಕ್ಯಾರಮೆಲ್ ಮಿಠಾಯಿಯ ಡಬ್ಬಿ.

“ರಾಜೀನಾಮೆ ಹೇಳಿದ ತಕ್ಷಣ ಇದನ್ನ ಬಾಯಿಗೆ ಹಾಕ್ಕೋ. ಪಾಕ ಬೇಕಂತಲೇ ಗಟ್ಟಿ ಹಿಡಿದಿದೀನಿ. ಹಲ್ಲು ಬಿಡಿಸ್ಕೊಳ್ಳೋಕೆ ಅರ್ಧ ಗಂಟೆ ಬೇಕು. ಕಾಲು ನನ್ನ ಪಕ್ಕಕ್ಕಿಟ್ಕೋ, ತುಳೀತಿರ್ತೀನಿ.”

ವರ್ಲಿನ್ ಎದ್ದು ನಿಂತ. “ನಾನು... ಈ ವರ್ಷಕ್ಕೆ... ಬಿಡ್ತಾ ಇದೀನಿ.”

ಅಧ್ಯಕ್ಷೆ ಡಾರ್ಲಾ ಎದೆ ಮೇಲೆ ಕೈಯಿಟ್ಟುಕೊಂಡಳು. ಜಗಳ ಬರಲಿಲ್ಲ, ಚಪ್ಪಾಳೆ ಬಂತು! ಬೆನ್ನು ತಟ್ಟಿದರು, ಮಕ್ಕಳು ಶಿಳ್ಳೆ ಹಾಕಿದರು, ಗೆರಿಟ್ ಕಣ್ಣೊರೆಸಿಕೊಂಡ. ವರ್ಲಿನ್ ಹಗುರಾಗಿ ಕೂತು ಮಿಠಾಯಿ ಬಾಯಿಗೆ ಹಾಕಿಕೊಂಡ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಆ ಕ್ಷಣವೇ ಲಗ್ನವಾಯಿತು.

“ಹಾಗಾದ್ರೆ,” ಎಂದಳು ಡಾರ್ಲಾ, “ವರ್ಲಿನ್ ಜಾಗಕ್ಕೆ ಯಾರು ಮುಂದೆ ಬರ್ತೀರಿ?”

ನೆಲಮಾಳಿಗೆಯ ಬೂಟುಗಳ ಮೇಲೆಲ್ಲ ಒಮ್ಮೆಲೇ ಅವುಗಳ ಒಡೆಯರ ಕಣ್ಣು ಬಿತ್ತು.

ಮೌನ. ಕಾಫಿ ಪಾತ್ರೆ ಗೊಳಗೊಳ ಎಂದಿತು. ಯಾರೋ ಉಗುಳು ನುಂಗಿದ್ದು ಮೂರು ಸಾಲಿನಾಚೆ ಕೇಳಿತು. ಮುಂದಿನ ಬೆಂಚಿನಲ್ಲಿ ಮೊಲ ತಬ್ಬಿಕೊಂಡಿದ್ದ ಪುಟ್ಟ ಹುಡುಗಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದಳು. ವರ್ಲಿನ್‌ನ ಕಿವಿ ಕೆಂಪಾಯಿತು, ಕುತ್ತಿಗೆಯ ನರ ಹಗ್ಗವಾಯಿತು. ಹೊಟ್ಟೆಯೊಳಗೆ ಆ ಹಳೇ ಹಾಲು ಏರುತ್ತಿತ್ತು. “ಮ್ಮ್...” ಎಂದ. ಆರ್ಡಿತ್‌ಳ ಹಿಮ್ಮಡಿ ಅವನ ಕಾಲ್ಬೆರಳ ಮೇಲೆ ಇಳಿಯಿತು. ಹಿಂದಿನ ಸಾಲಿನಲ್ಲಿ ಕೊರಿನ್ ಎರಡೂ ಮುಷ್ಟಿ ಬಿಗಿಹಿಡಿದು ತುಟಿಯಲ್ಲೇ “ತಡ್ಕೊಳ್ಳಿ, ತಡ್ಕೊಳ್ಳಿ” ಎನ್ನುತ್ತಿದ್ದಳು. ಮೊಲ ಸೀನಿತು. ಮೌನ ಇನ್ನಷ್ಟು ಊದಿಕೊಂಡಿತು. ವರ್ಲಿನ್ ಕಣ್ಣು ಮುಚ್ಚಿ ಕೆರೆ ನೆನೆದ, ದೋಣಿ ನೆನೆದ, ಹಲ್ಲಿಗೆ ಹಲ್ಲು ಕಚ್ಚಿದ. ಮಿಠಾಯಿ ಹೇಗೂ ಕಚ್ಚಿಸಿಯೇ ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಹಾಲು ಉಕ್ಕದೆ ಇಳಿಯತೊಡಗಿತು. ಗೆದ್ದೆ, ಅಂದುಕೊಂಡ.

ಅಷ್ಟರಲ್ಲಿ ಕಾಲ್ಬೆರಳ ಮೇಲಿನ ಭಾರ ಹೋಯಿತು.

“ಅಯ್ಯೋ, ಸಾಕು ಮಾಡ್ರಪ್ಪ! ನಾನೇ ಮಾಡ್ತೀನಿ!”

ಆರ್ಡಿತ್ ಎದ್ದು ನಿಂತಿದ್ದಳು.

“ಮ್ಮ್ಮ್! ಮ್ಮ್ಮ್ಮ್!” ವರ್ಲಿನ್ ಕುರ್ಚಿಯಿಂದ ಹಾರಿದ, ಎರಡೂ ಕೈ ಬೀಸಿದ.

“ನೋಡಿ, ಖುಷಿಗೆ ಮಾತೇ ಹೊರಡ್ತಿಲ್ಲ ಪಾಪ,” ಎಂದಳು ಡಾರ್ಲಾ. ಚಪ್ಪಾಳೆಗೆ ನೆಲಮಾಳಿಗೆ ನಡುಗಿತು. ಆರ್ಡಿತ್‌ಳ ಎದೆಗೆ ಲೀಡರ್‌ನ ಹಸಿರು ಬ್ಯಾಡ್ಜು ಚುಚ್ಚಿದರು. ಮೊಲದ ಹುಡುಗಿ ಓಡಿಬಂದು ಅವಳ ಸೊಂಟ ತಬ್ಬಿದಳು.

ಮಿಠಾಯಿ ಕರಗುವ ಹೊತ್ತಿಗೆ ಎಲ್ಲ ಮುಗಿದಿತ್ತು. “ಶನಿವಾರ?” ಎಂಬ ಒಂದೇ ಮಾತು ಅವನ ಬಾಯಿಂದ ಹೊರಟಿತು.

“ಶನಿವಾರ ಮೊಲ ತೂಗೋದಿದೆಯಲ್ಲೋ,” ಎಂದಳು ಆರ್ಡಿತ್. ಅವಳ ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. “ಕೆರೆ ಎಲ್ಲಿಗೆ ಓಡಿಹೋಗುತ್ತೆ? ಅಬ್ಬಾ, ಆ ಮೌನ! ಅದರಲ್ಲಿ ಕೂತು ಹೇಗೆ ಬದುಕಿದೆಯೋ ನೀನು? ಕಲ್ಲು ಹೃದಯ ಕಣೋ ನಿಂದು. ಆ ಮಗು ಮುಖ ನೋಡ್ತಿದ್ರೂ ಬಾಯಿ ಬಿಡಲಿಲ್ಲ!”

ಕೊರಿನ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ವರ್ಲಿನ್ ಅವರೇ, ನೀವಂತೂ ಬಿಟ್ಟಿರಿ, ಅಲ್ವಾ? ಬರ್ಕೊಳ್ಳಲಾ?”

“ಎಲ್ಲಿ ಬಿಟ್ಟ?” ಡಾರ್ಲಾ ನಡುವೆ ಬಂದಳು. “ಹೆಂಡ್ತಿ ಲೀಡರ್ ಅಂದ್ಮೇಲೆ ಗಂಡ ಅಸಿಸ್ಟೆಂಟ್. ಅದನ್ನೂ ಕೇಳ್ತಾರಾ? ಏನಂತೀಯ ವರ್ಲಿನ್?”

ಡಾರ್ಲಾ ನಗುತ್ತ ನಿಂತಳು. ಗೆರಿಟ್ ಸೂರು ನೋಡಿದ. ಸುತ್ತ ನಿಂತವರೆಲ್ಲ ಬೂಟು ನೋಡಿಕೊಂಡರು. ಕಾಫಿ ಪಾತ್ರೆ ಗೊಳಕ್ ಎಂದಿತು.

“ಆಯ್ತು,” ಎಂದ ವರ್ಲಿನ್.

ಕೊರಿನ್ ಪೆನ್ನಿನ ಮುಚ್ಚಳ ಹಾಕಿದಳು.

ಆರ್ಡಿತ್ ಗಂಡನ ಜೇಬಿಗೆ ಕೈಹಾಕಿ ಪಿಕಪ್ಪಿನ ಕೀಲಿ ತೆಗೆದುಕೊಂಡಳು. “ಈ ಮಗು ಮನೇಲಿ ಇನ್ನೊಂದು ಮೊಲಕ್ಕೆ ಹಲ್ಲು ವಿಪರೀತ ಬೆಳೆದು ತಿನ್ನೋಕಾಗ್ತಿಲ್ಲವಂತೆ. ಒಂದು ಗಳಿಗೆ ನೋಡಿ ಬರ್ತೀನಿ, ನೀನಿಲ್ಲೇ ಇರು,” ಎಂದು ಹುಡುಗಿಯ ಕೈಹಿಡಿದು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೊರಟೇಹೋದಳು.

ವರ್ಲಿನ್ ಕಾದ. ಹೋಗುವವರೆಲ್ಲ, “ಹೇಗೂ ಇಲ್ಲೇ ಇರ್ತೀಯಲ್ಲ,” ಎಂದು ಒಂದೊಂದು ಎಂಜಲು ತಟ್ಟೆ ಕೈಗಿಟ್ಟು ಹೋದರು. ಅವನು ಪಾತ್ರೆ ತೊಳೆದ. ಕುರ್ಚಿ ಮಡಿಚಿ ಗೋಡೆಗೆ ಒರಗಿಸಿದ. ನೆಲ ಗುಡಿಸಿದ. ಹುಂಜಗಳಿಗೆ ನೀರಿಟ್ಟ. ಆಮೇಲೆ ಹೊರಗೆ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡಿದ.

ಆರ್ಡಿತ್ ಬರಲೇ ಇಲ್ಲ.