ಆರು ವಯರಿನ ಪ್ಲೇಯರು, ನಾಲ್ಕು ತೂತಿನ ರಿಸೀವರು

ಕಾರವಾರದಲ್ಲಿ ಇಪ್ಪತ್ತೆರಡು ವರ್ಷದಿಂದ ಪಾತ್ರೆ ಅಂಗಡಿ ನಡೆಸುತ್ತಿರುವ ನನಗೆ, ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ವಯರು ಸಿಕ್ಕಿಸುವುದು ಯಾವ ದೊಡ್ಡ ಕೆಲಸ? ಅದಕ್ಕೊಬ್ಬ ಮೆಕ್ಯಾನಿಕ್ ಬೇರೆ ಬೇಕೆ? ಅವರ್ಸಾದ ನಮ್ಮ ಮನೆಯ ಜಗಲಿಯಲ್ಲಿ ನಿಂತು ನಾನು ಹೀಗೆ ಘೋಷಿಸಿದ್ದು 2006ರ ಒಂದು ಶನಿವಾರ.

ಮೊದಲ ಪೆಟ್ಟಿಗೆ ಹೊಸ ಡಿವಿಡಿ ಪ್ಲೇಯರು. ಎರಡನೆಯದು ನನ್ನ ವ್ಯಾಪಾರ ಜೀವನದ ಕಿರೀಟ! ಚಿತ್ತಾಕುಲದ ಸೋದರಮಾವ 1975ರಲ್ಲಿ ಬಹರೇನಿನಿಂದ ತಂದಿದ್ದ ಕ್ವಾಡ್ರಾಫೋನಿಕ್ ರಿಸೀವರು. ಹೆಸರು ಕೇಳಿ ಹೆದರಬೇಡಿ. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟು, ನಡುವೆ ನಮ್ಮನ್ನು ಕೂರಿಸಿ ಸಂಗೀತ ಸುರಿಯುವ ಯಂತ್ರ, ಅಷ್ಟೆ. ಎರಡು ವರ್ಷದಿಂದ ಯಾರೂ ಮೂಸಿ ನೋಡದ ಒಂದು ಇಡ್ಲಿ ಕುಕ್ಕರ್ ಕೊಟ್ಟು ಅದನ್ನು ಹೊಡೆದುಕೊಂಡು ಬಂದಿದ್ದೆ. ತಾನೇ ಗೆದ್ದೆನೆಂದು ಮಾವ ಈಗಲೂ ನಂಬಿದ್ದಾರೆ.

ಗೆದ್ದದ್ದು ಮಾವನೇ ಎಂದು ನನ್ನ ಹೆಂಡತಿ ಸುನೀತಾಳೂ ನಂಬಿದ್ದಳು. ಸ್ಪೀಕರುಗಳಿಗೆ ಜಾಗ ಮಾಡಲು ಅವಳ ಹೊಲಿಗೆ ಮಶಿನ್ನು ಅಡುಗೆಮನೆ ಸೇರಿತ್ತು. ಮರುದಿನ ಶೆಟಗೇರಿಯಿಂದ ಅವಳ ಅಕ್ಕ ಮತ್ತು ಭಾವ ಮಾಬ್ಲೇಶ್ವರ ಊಟಕ್ಕೆ ಬರುವವರಿದ್ದರು. ದೀಪಾವಳಿಗೆ ಹೊಸ ಹೋಮ್ ಥಿಯೇಟರ್ ಕೊಂಡು, ಕಂಡವರಿಗೆಲ್ಲ ಅದನ್ನು ಬಣ್ಣಿಸುತ್ತಿದ್ದ ಮಾಬ್ಲೇಶ್ವರ!

"ನಾಳೆ ಅವರ ಎದುರು ಇದು ಸರಿಯಾಗಿ ನಡೆದ್ರೆ ಇಲ್ಲೇ ಇರ್ಲಿ," ಎಂದಳು ಸುನೀತಾ. "ಇಲ್ಲಾಂದ್ರೆ ಸೋಮವಾರ ಗುಜರಿಯವನಿಗೆ."

ಕೆಲಸ ಶುರುವಾಯಿತು. ಪ್ಲೇಯರಿನ ಬೆನ್ನಿಂದ ಸ್ವರದ ವಯರು ಆರು ಹೊರಟವು. ರಿಸೀವರಿನ ಬೆನ್ನಲ್ಲಿ ತೂತು ನಾಲ್ಕೇ. ಬೇರೆಯವರಾದರೆ ಅಲ್ಲೇ ಕೈಚೆಲ್ಲುತ್ತಿದ್ದರು. ನಾನು ಮುಂದಿನ ಎಡ ಬಲ, ಹಿಂದಿನ ಎಡ ಬಲ ಎಂದು ನಾಲ್ಕನ್ನು ಠೀವಿಯಿಂದ ಸಿಕ್ಕಿಸಿದೆ. 'ಸೆಂಟರ್', 'ಸಬ್‌ವೂಫರ್' ಎಂಬ ಎರಡು ಉಳಿದವು. ಇವು ಎಂತಕ್ಕೆ ಎಂದು ಸುನೀತಾ ಕೇಳಿದಳು. ತರಕಾರಿಯವಳು ಹರಿವೆ ಸೊಪ್ಪಿನ ಮೇಲೆ ಎರಡು ಹಸಿಮೆಣಸು ಹಾಕುವುದಿಲ್ಲವೆ, ಹಾಗೆ ಕಂಪನಿಯವರು ಹಾಕಿದ ಕೊಸರು ಎಂದು ತಿಳಿಹೇಳಿದೆ. ಟಿವಿಗೆ ಚಿತ್ರದ ಹಳದಿ ವಯರೊಂದನ್ನು ಕೊಟ್ಟು, ಒಂದು ಸಿನಿಮಾದ ಮಳೆ ದೃಶ್ಯ ಹಾಕಿ ಪರೀಕ್ಷಿಸಿದೆ. ಗುಡುಗಿಗೆ ಸುನೀತಾ ಒಣಹಾಕಿದ ಬಟ್ಟೆ ತರಲು ಅಂಗಳಕ್ಕೆ ಓಡಿದಳು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಭಾನುವಾರ ಬಂಗಡೆ ಸಾರಿನ ಊಟ ಮುಗಿಸಿ, ನೆಂಟರನ್ನು ನಾಲ್ಕು ಸ್ಪೀಕರುಗಳ ನಡುವೆ ಕೂರಿಸಿ ಅದೇ ಸಿನಿಮಾ ಹಾಕಿದೆ. ಮಳೆ ಬಿತ್ತು. ಭಾವ ತಲೆಯೆತ್ತಿ ಹಂಚು ನೋಡಿದರು. ಬೆನ್ನ ಹಿಂದಿನಿಂದ ಕುದುರೆಗಾಡಿ ಬಂತು. ಅಕ್ಕ ಕಾಲು ಎಳೆದುಕೊಂಡರು. ನನ್ನ ಅಂಗಿಯ ಗುಂಡಿಗಳು ಬಿಗಿಯಾದವು!

ಆಗ ನಾಯಕ ಹುಡುಗಿಯ ಎದುರು ನಿಂತು ಬಾಯಿ ತೆರೆದ. ತುಟಿ ಆಡಿತು, ಸ್ವರವಿಲ್ಲ. ಪಿಟೀಲು ಮಾತ್ರ ನಾಲ್ಕು ಮೂಲೆಯಿಂದ ಕೊರೆಯಿತು.

"ಮೂಕನಾ ಅವ?" ಭಾವ ಕೇಳಿದರು.

"ಅಲ್ಲ ಭಾವ, ಪ್ರೇಮ. ಮಾತು ಹೊರಡೂದಿಲ್ಲ," ಎಂದೆ.

ಮುಂದಿನ ದೃಶ್ಯ ಕೋರ್ಟು. ಕರಿಕೋಟಿನ ವಕೀಲ ಐದು ನಿಮಿಷ ಕೈ ಬೀಸಿದ, ಮೇಜು ಕುಟ್ಟಿದ, ಒಂದಕ್ಷರ ಕೇಳಲಿಲ್ಲ.

"ಈ ವಕೀಲಂಗೂ ಪ್ರೇಮವಾ?"

ರಿಸೀವರಿನ ಎಲ್ಲ ಗುಂಡಿ ತಿರುವಿದೆ. ಪಿಟೀಲು ಏರಿತು, ಇಳಿಯಿತು. ವಕೀಲನ ಸ್ವರ ಮಾತ್ರ ಹೊರಡಲಿಲ್ಲ. ಸೋಮವಾರದ ಗುಜರಿಯವನ ಗಾಡಿ ಕಣ್ಣೆದುರು ಬಂದು ನಿಂತಿತು. ಸುನೀತಾ ಎದ್ದು, ಉಳಿದ ಎರಡು ವಯರುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಓದಿದಳು.

"ಸೆಂಟರ್ ಅಂತ ಬರೆದಿದ್ದಲ್ಲಾ? ಮಾತಾಡೂವವ ನಡೂಗೆ ನಿಂತೇ ಮಾತಾಡೂದು. ಇಪ್ಪತ್ತೆರಡು ವರ್ಷದಲ್ಲಿ ನೀವು ಯಾರಿಗಾದ್ರೂ ಕೊಸರು ಕೊಟ್ಟದ್ದುಂಟಾ? ಮತ್ತೆ ಕಂಪನಿಯವ ನಿಮಗೆ ಎಂತಕ್ಕೆ ಕೊಡ್ತಾನೆ?"

ಅಷ್ಟು ಹೇಳಿ ಅವಳು ಟಿವಿಯ ಹಿಂದೆ ಬಗ್ಗಿ, ಹಳದಿ ವಯರಿನ ಪಕ್ಕ ಖಾಲಿಯಿದ್ದ ಸ್ವರದ ಬಿಳಿ ತೂತಿಗೆ ಅದನ್ನು ಒತ್ತಿದಳು. ವಕೀಲ ಟಿವಿಯ ಒಳಗಿನಿಂದಲೇ, ಸರಿಯಾಗಿ ನಡುವಿನಿಂದ, ಗರ್ಜಿಸಿದ. ಇನ್ನು ರಿಸೀವರು ಇಲ್ಲೇ ಇರಲಿ ಎಂದು ಅವಳೇ ಅಪ್ಪಣೆ ಕೊಟ್ಟಳು.

ಸಿನಿಮಾ ಮುಗಿದ ಮೇಲೆ ಭಾವ ಮೆಲ್ಲಗೆ ಬಾಯಿಬಿಟ್ಟರು. ಆ ಹೋಮ್ ಥಿಯೇಟರ್ ಇನ್ನೂ ಡಬ್ಬಿಯಲ್ಲೇ ಇದೆಯಂತೆ. ವಯರು ನೋಡಿ ಹೆದರಿ ಮುಚ್ಚಿಟ್ಟಿದ್ದಂತೆ. ಮುಂದಿನ ಭಾನುವಾರ ಶೆಟಗೇರಿಗೆ ಬಂದು ಜೋಡಿಸಿಕೊಡಬೇಕಂತೆ.

ನಾನು ಕಾಲರ್ ಸರಿಮಾಡಿಕೊಂಡು, ಅದಕ್ಕೇನು, ಎಷ್ಟೇ ಕೆಲಸವಿದ್ದರೂ ಬಿಡುವು ಮಾಡಿಕೊಂಡು ಬರುತ್ತೇನೆ ಎಂದೆ.

"ನಾ ಕರ್ದದ್ದು ಸುನೀತಾಗೆ, ಶಿವಾನಂದ," ಎಂದರು ಭಾವ. "ನೀ ಬಂದ್ರೂ ಅಡ್ಡಿಲ್ಲ. ಸ್ಪೀಕರ್ ಎತ್ತೂದಕ್ಕೆ ಒಂದು ಜನ ಬೇಕು."